ತಟ್ಟೆಯ ಜೊತೆಗೊಂದು ಕೆಲಸ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮಾಜಿ ಸೈನಿಕರಿಗಾಗಿ ಸಹಭೋಜನ ಏರ್ಪಡಿಸಬೇಕೆಂದು ನೀನೂ ನಿನ್ನ ಸಂಗಡಿಗರೂ ನಿಶ್ಚಯಿಸಿರುವುದನ್ನು ಓದಿ ನನಗಾದ ಸಂತೋಷ ಸಣ್ಣದಲ್ಲ. ನಾನು ಆರು ವರ್ಷಗಳಿಂದ ಇದೇ ಕೆಲಸದಲ್ಲಿ ಕೈಜೋಡಿಸಿರುವುದರಿಂದ ಸಲಹೆ ಕೇಳಿದ್ದೀಯೆ. ಅಡುಗೆಯ ಪಟ್ಟಿಯನ್ನೂ ಖರ್ಚಿನ ಲೆಕ್ಕವನ್ನೂ ನೀವು ಹೇಗಾದರೂ ಸರಿದೂಗಿಸಿಕೊಳ್ಳುತ್ತೀರಿ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನಾವು ತಪ್ಪು ಮಾಡಿ ಕಲಿತ ಒಂದು ಸಂಗತಿಯನ್ನು.

ಮೊದಲ ಊಟದ ದಿನ ನಾವು ವೇದಿಕೆ ಕಟ್ಟಿಸಿದ್ದೆವು, ಧ್ವನಿವರ್ಧಕ ತರಿಸಿದ್ದೆವು. ಎರಡು ಭಾಷಣಗಳಾದವು. ಬಂದವರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸಿ, ನೀರಿನ ಲೋಟವನ್ನು ಎತ್ತಿಡಲೂ ಬಿಡದೆ ಉಪಚರಿಸಿದೆವು. ಹಿರಿಯರೊಬ್ಬರು ಅರ್ಧ ಊಟಕ್ಕೇ ಎದ್ದು ಹೊರಟರು. ಬಾಗಿಲಿನ ಬಳಿ ತಡೆದು ಕಾರಣ ಕೇಳಿದಾಗ, ಸ್ವಲ್ಪವೂ ಸಿಟ್ಟಿಲ್ಲದ ದನಿಯಲ್ಲಿ, “ನನ್ನ ತಟ್ಟೆಯನ್ನು ನಾನೇ ತೊಳೆಯಲು ಬಿಟ್ಟಿದ್ದರೆ ಇನ್ನೊಂದು ತುತ್ತು ಉಣ್ಣುತ್ತಿದ್ದೆ” ಎಂದರು. ಆ ಮಾತು ಅರ್ಥವಾಗಲು ನಮಗೆ ಹಲವು ತಿಂಗಳುಗಳೇ ಬೇಕಾದವು.

ಸೈನ್ಯದಲ್ಲಿ ಇಪ್ಪತ್ತು ವರ್ಷ ಕಳೆದವನು ಒಂಟಿಯಾಗಿ ಉಂಡ ದಿನಗಳು ಬಹಳ ಕಡಿಮೆ. ಮೆಸ್ಸಿನ ಉದ್ದನೆಯ ಮೇಜು, ಸರದಿಯ ಮೇಲೆ ಬರುವ ಕೆಲಸ, ಪಕ್ಕದವನು ಇಂದು ಏಕೆ ಸರಿಯಾಗಿ ಉಣ್ಣಲಿಲ್ಲವೆಂಬ ಗಮನ, ಇವೆಲ್ಲ ಅವನ ಊಟದ ಭಾಗಗಳೇ ಆಗಿದ್ದವು. ತುಕಡಿಯೊಂದನ್ನು ‘ಕಂಪನಿ’ ಎಂದು ಕರೆಯುತ್ತಾರಲ್ಲ, ಆ ಪದದ ಬೇರು ಲ್ಯಾಟಿನ್ನಿನಲ್ಲಿದೆ: ‘ಜೊತೆಗೆ’ ಮತ್ತು ‘ರೊಟ್ಟಿ’ ಎಂಬ ಎರಡು ಪದಗಳು ಕೂಡಿ ಆದದ್ದು, ರೊಟ್ಟಿಯನ್ನು ಹಂಚಿಕೊಂಡು ತಿನ್ನುವವರು ಎಂಬ ಅರ್ಥದ್ದು. ಅಗ್ನಿಶಾಮಕ ಸಿಬ್ಬಂದಿಯನ್ನು ಕುರಿತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ, ಒಟ್ಟಿಗೆ ಉಣ್ಣುವ ತಂಡಗಳು ಕೆಲಸದಲ್ಲಿಯೂ ಹೆಚ್ಚು ಹೊಂದಿಕೊಂಡು ದುಡಿಯುತ್ತವೆಂದು ಕಂಡುಕೊಂಡಿತು. ಅಪಾಯವನ್ನು ಹಂಚಿಕೊಳ್ಳುವ ಜನಕ್ಕೆ ಊಟವನ್ನು ಹಂಚಿಕೊಳ್ಳುವುದು ಎಷ್ಟು ಅಗತ್ಯವೆಂಬುದನ್ನು ಸೈನಿಕನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿವೃತ್ತಿಯ ದಿನ ಸಮವಸ್ತ್ರದೊಂದಿಗೆ ಆ ಮೇಜೂ ಅವನ ಬದುಕಿನಿಂದ ಹೊರಟುಹೋಗುತ್ತದೆ. ಅದಕ್ಕೆ ಬದಲಾಗಿ ನಾವು ಅವನಿಗೆ ಸನ್ಮಾನದ ಕುರ್ಚಿಯನ್ನು ಕೊಟ್ಟರೆ, ಅವನು ಕಳೆದುಕೊಂಡದ್ದು ಅವನಿಗೆ ಮರಳಿ ಸಿಗುವುದಿಲ್ಲ.

ಆದ್ದರಿಂದ ಬಂದವರಿಗೆ ಕೆಲಸ ಕೊಡು. ಕುರ್ಚಿಗಳನ್ನು ಜೋಡಿಸುವುದು, ತರಕಾರಿ ಹೆಚ್ಚುವುದು, ಬಡಿಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಪಾತ್ರೆ ಒರೆಸುವುದು, ಯಾವುದಾದರೂ ಆಗಬಹುದು. ಗಾಲಿಕುರ್ಚಿಯಲ್ಲಿ ಬರುವವರಿಗೂ, ಒಂದು ಕೈಯನ್ನು ಕಳೆದುಕೊಂಡವರಿಗೂ ಅವರೇ ಆರಿಸಿಕೊಂಡ ಕೆಲಸವಿರಲಿ. ಕರುಣೆಯಿಂದ ಅವರನ್ನು ಸುಮ್ಮನೆ ಕೂರಿಸಬೇಡ. ನಮ್ಮಲ್ಲಿ ಈಗ ಸ್ವಯಂಸೇವಕರು ಯಾರು, ಅತಿಥಿಗಳು ಯಾರೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಅಡುಗೆಮನೆಯ ಉಸ್ತುವಾರಿಯನ್ನು ಮಾಜಿ ಸುಬೇದಾರರೊಬ್ಬರು ವಹಿಸಿಕೊಂಡ ಮೇಲೆ ಊಟ ಒಂದು ದಿನವೂ ತಡವಾಗಿಲ್ಲ.

ಇನ್ನು ಸ್ಥಳದ ವಿಚಾರ. ಗುಂಡಿನ ಸದ್ದು, ಫಿರಂಗಿಯ ಸದ್ದು, ಯಂತ್ರಗಳ ಸದ್ದುಗಳ ನಡುವೆ ದುಡಿದವರಲ್ಲಿ ಕಿವಿಯ ತೊಂದರೆ ಬಹಳ ಸಾಮಾನ್ಯ. ಕಿವಿಯೊಳಗೆ ಸದಾ ಗುಂಯ್‌ಗುಡುವ ಶಬ್ದದಿಂದ ಬಳಲುವವರೂ ಅನೇಕರು. ಸದ್ದು ಪ್ರತಿಧ್ವನಿಸುವ ದೊಡ್ಡ ಸಭಾಂಗಣದಲ್ಲಿ ಅಂಥವರಿಗೆ ಎದುರಿನವರ ಮಾತು ಕೇಳಿಸುವುದಿಲ್ಲ. ಕೇಳಿಸಲಿಲ್ಲವೆಂದು ಹೇಳಲು ಸಂಕೋಚಪಟ್ಟು ನಕ್ಕು ಸುಮ್ಮನಾಗುತ್ತಾರೆ, ಕ್ರಮೇಣ ಬರುವುದನ್ನೇ ಬಿಡುತ್ತಾರೆ. ಚಿಕ್ಕ ಕೋಣೆ, ಆರೆಂಟು ಜನರ ಮೇಜು, ಹಿನ್ನೆಲೆಯಲ್ಲಿ ಸಂಗೀತವಿಲ್ಲದಿರುವುದು, ಇಷ್ಟಾದರೆ ಸಾಕು. ಗೋಡೆಗೆ ಬೆನ್ನು ಮಾಡಿ, ಬಾಗಿಲು ಕಾಣುವಂತೆ ಕೂರಲು ಬಯಸುವವರು ಇರುತ್ತಾರೆ. ಆ ಜಾಗಗಳನ್ನು ನೀವು ಹಿಡಿಯಬೇಡಿ. ಒಮ್ಮೆ ನನ್ನ ಕೈಯಿಂದ ತಟ್ಟೆಗಳ ರಾಶಿ ಜಾರಿ ಬಿತ್ತು. ನಮಗೆಲ್ಲ ಅದು ಒಂದು ಕ್ಷಣದ ಗದ್ದಲ, ಆದರೆ ಮೂಲೆಯ ಮೇಜಿನಲ್ಲಿದ್ದ ಒಬ್ಬರು ನೆಲಕ್ಕೆ ಬಾಗಿಬಿಟ್ಟರು. ಅವರ ಕೈ ನಡುಗುವುದು ನಿಲ್ಲಲು ಬಹಳ ಹೊತ್ತಾಯಿತು. ಅವರ ಹಳೆಯ ಸಂಗಾತಿಯೊಬ್ಬರು ಏನೂ ಹೇಳದೆ ಪಕ್ಕದಲ್ಲಿ ಬಂದು ಕುಳಿತರು. ನಾವು ಯಾರೂ ಕೊಡಲಾಗದ ನೆರವು ಅದು.

ಈ ನೋವಿಗೆ ಹೆಸರು ಸಿಗಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಶೆಲ್ ಶಾಕ್’ (ಸಿಡಿಗುಂಡಿನ ಆಘಾತ) ಎಂಬ ಪದವನ್ನು ಬಳಸಿ ಸೈನಿಕರ ಸ್ಥಿತಿಯನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಆಘಾತದ ನಂತರದ ಒತ್ತಡದ ಕಾಯಿಲೆಯನ್ನು ಅಮೆರಿಕದ ಮನೋವೈದ್ಯರ ಸಂಘವು ಮನೋರೋಗಗಳ ತನ್ನ ಅಧಿಕೃತ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಅಷ್ಟು ದೀರ್ಘಕಾಲ ಎಷ್ಟೋ ಜನರನ್ನು ಹೇಡಿಗಳೆಂದು ಜರೆದದ್ದುಂಟು. ನಮ್ಮ ಊಟದ ಮೇಜು ಚಿಕಿತ್ಸಾಲಯವಲ್ಲ ಎಂಬುದನ್ನು ನಿನ್ನ ಸಂಗಡಿಗರಿಗೆ ಮೊದಲೇ ತಿಳಿಸು. ಯಾರಾದರೂ ಬದುಕು ಬೇಡವೆಂಬ ಅರ್ಥದ ಮಾತನ್ನಾಡಿದರೆ, ಅದನ್ನು ಬೇಸರದ ಮಾತೆಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯುವ ವ್ಯವಸ್ಥೆ ನಿಮ್ಮಲ್ಲಿರಬೇಕು.

“ಯುದ್ಧದಲ್ಲಿ ಏನೇನು ನೋಡಿದಿರಿ, ಎಷ್ಟು ಜನರನ್ನು ಕೊಂದಿರಿ?” ಎಂಬಂಥ ಪ್ರಶ್ನೆಗಳನ್ನು ಯಾರೂ ಕೇಳಕೂಡದು, ವಿಶೇಷವಾಗಿ ಉತ್ಸಾಹದ ಹುಡುಗರು. ಗಡಿಯ ಮುಖವನ್ನೇ ಕಾಣದೆ ಲೆಕ್ಕಪತ್ರ, ವಾಹನ, ಅಡುಗೆ, ಶುಶ್ರೂಷೆಗಳಲ್ಲಿ ಸೇವೆ ಸಲ್ಲಿಸಿದವರೂ ನಿಮ್ಮ ಮೇಜಿಗೆ ಬರುತ್ತಾರೆ. ಕದನದ ಕಥೆಗಳಿಗೆ ಮಾತ್ರ ಕಿವಿಗೊಡುವ ಮನೆಯಲ್ಲಿ ಅವರು ತಮ್ಮನ್ನು ಕಡಿಮೆಯವರೆಂದು ಎಣಿಸಿಕೊಳ್ಳುತ್ತಾರೆ. ಸೇವೆಯಲ್ಲಿದ್ದ ಹೆಣ್ಣುಮಕ್ಕಳ ಪಾಡು ಇನ್ನೂ ವಿಚಿತ್ರ. ನಮ್ಮಲ್ಲಿಗೆ ಬಂದ ನಿವೃತ್ತ ಅಧಿಕಾರಿಣಿಯೊಬ್ಬರನ್ನು ನಮ್ಮ ಸ್ವಯಂಸೇವಕನೇ “ನಿಮ್ಮ ಯಜಮಾನರು ಎಲ್ಲಿ?” ಎಂದು ಕೇಳಿಬಿಟ್ಟಿದ್ದ. ಆ ಪ್ರಶ್ನೆಗೆ ನಾನು ಕ್ಷಮೆ ಕೇಳಿದ್ದು ನಿಜ, ಆದರೆ ಅವರು ಮತ್ತೆ ಬರಲಿಲ್ಲ. ಮೃತ ಸೈನಿಕರ ಪತ್ನಿಯರನ್ನೂ ತಂದೆತಾಯಿಯರನ್ನೂ ಮರೆಯದೆ ಕರೆಯಬೇಕು.

ವಯಸ್ಸಾದವರ ಊಟವಾದ್ದರಿಂದ ಎಚ್ಚರಿಕೆಯ ಒಂದೆರಡು ಮಾತು. ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಉಪ್ಪು, ಸಕ್ಕರೆ ಹಿಡಿತದಲ್ಲಿರಲಿ, ಹಲ್ಲಿಲ್ಲದವರಿಗೆ ಮೆದುವಾದದ್ದೊಂದು ಇರಲಿ.

ಎಲ್ಲಕ್ಕಿಂತ ಹೆಚ್ಚಾಗಿ, ತಿಂಗಳಿಗೊಮ್ಮೆ ಎಂಬ ನಿನ್ನ ಯೋಜನೆಯನ್ನು ವಾರಕ್ಕೊಮ್ಮೆ ಎಂದು ಬದಲಿಸಲಾಗುವುದೇ ನೋಡು. ಊಟ ಎಷ್ಟೇ ಸರಳವಾಗಿದ್ದರೂ ಚಿಂತೆಯಿಲ್ಲ, ವಾರದ ದಿನ ಮತ್ತು ಗಂಟೆ ಮಾತ್ರ ಬದಲಾಗಬಾರದು. ಬಾರದವರಿಗೆ ಅದೇ ಸಂಜೆ ಯಾರಾದರೂ ದೂರವಾಣಿ ಮಾಡಬೇಕು. 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಗಟ್ಟಿಯಾದ ಸಾಮಾಜಿಕ ಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಶೇಕಡ 50ರಷ್ಟು ಹೆಚ್ಚೆಂದು ತೋರಿಸಿತು. ನಾನು ಕಂಡದ್ದು ಇಷ್ಟು: ಮೊದಲ ದಿನ ಅರ್ಧಕ್ಕೇ ಎದ್ದುಹೋದ ಆ ಹಿರಿಯರು ಒಂದು ವಾರ ಬಾರದಿದ್ದಾಗ ಕರೆ ಮಾಡಿದೆವು, ಉತ್ತರ ಬರಲಿಲ್ಲ. ಇಬ್ಬರು ಮನೆಗೇ ಹೋದಾಗ ಅವರು ಜಾರಿಬಿದ್ದು ಏಳಲಾಗದೆ ಮಲಗಿದ್ದರು. ಈಗ ಚೇತರಿಸಿಕೊಂಡು ಊರುಗೋಲಿನೊಂದಿಗೆ ಬರುತ್ತಾರೆ, ತಟ್ಟೆಗಳನ್ನು ಒರೆಸಿಡುವ ಕೆಲಸ ಅವರದು. ಪಕ್ಕದಲ್ಲಿ ನಿಂತು ನಾನೂ ಒರೆಸುತ್ತೇನೆ. ಎದುರುಬದುರು ಕುಳಿತಾಗ ಅವರು ಹೇಳದ ಎಷ್ಟೋ ಮಾತುಗಳು ಆ ಹೊತ್ತಿನಲ್ಲಿ ತಾವಾಗಿ ಬರುತ್ತವೆ.

ನಿಮ್ಮ ಮೊದಲ ಊಟದ ದಿನ ಗೊತ್ತಾದ ಕೂಡಲೇ ಬರೆದು ತಿಳಿಸು. ನಾನು ಹಿಂದಿನ ದಿನವೇ ಬರುತ್ತೇನೆ. ಪಾತ್ರೆ ಒರೆಸುವ ಕಡೆ ನನಗೂ ಒಂದು ಜಾಗ ಇಟ್ಟಿರು.

ಇತಿ ನಿನ್ನ ಪ್ರೀತಿಯ ಗೆಳೆಯ