ಭಾನುವಾರ ಹಳೆಯ ಕಾಮಿಕ್ಸ್ ಟೀ ಶರ್ಟ್ ವಿನಿಮಯ: ತರುವವರು ಗಮನಿಸಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಬಳ್ಳಾರಿ ಕೋಟೆ ಗುಡ್ಡದ ಬುಡದಲ್ಲಿ ಸೇರೋಣ. ಹೊತ್ತೇರಿದರೆ ಬಿಸಿಲಿಗೆ ಬಟ್ಟೆಯ ಬಣ್ಣವೂ ಉಳಿಯದು, ತಡ ಮಾಡಬೇಡಿ.

ಟೀ ಶರ್ಟ್ ತರುವವರು ಮೊದಲೇ ಇಲ್ಲಿ ಫೋಟೊ ಹಾಕಿ: ಮುಂಭಾಗದ ಚಿತ್ರ, ಕುತ್ತಿಗೆಯ ಚೀಟಿ, ತೋಳಂಚಿನ ಹೊಲಿಗೆ. ಹೊಲಿಗೆಯನ್ನು ತೀರ ಹತ್ತಿರದಿಂದ ತೆಗೆಯಿರಿ. 1990ರ ದಶಕದ ಮಧ್ಯದವರೆಗೆ ಅಮೆರಿಕದ ಹೆಚ್ಚಿನ ಟೀ ಶರ್ಟ್‌ಗಳ ಅಂಚಿಗೆ ಒಂದೇ ಸಾಲು ಹೊಲಿಗೆ ಇರುತ್ತಿತ್ತು. ಆಮೇಲೆ ಜೋಡಿ ಸಾಲು ರೂಢಿಯಾಯಿತು. ಬ್ಯಾಟ್‌ಮನ್ ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 1989 ಎಂದಿದ್ದರೆ ಅದು ಹಕ್ಕುಸ್ವಾಮ್ಯದ ಇಸವಿ, ಬಟ್ಟೆ ಹೊಲಿದ ವರ್ಷವೇ ಆಗಿರಬೇಕೆಂದಿಲ್ಲ. ಅದೊಂದನ್ನೇ ನಂಬಿ ಬೆಲೆ ಕಟ್ಟಬೇಡಿ.

ಹೊಸ ಅಚ್ಚಿನದನ್ನು ಹೊಸದೆಂದೇ ಹೇಳಿ. ನಮ್ಮದು ಜೀನ್ಸ್ ಹೊಲಿಯುವ ಊರು. ಹೊಸ ಬಟ್ಟೆಯನ್ನು ಒಗೆದು ಹಳತಾಗಿಸುವ ಕೆಲಸ ಬಲ್ಲ ಕಣ್ಣುಗಳು ಇಲ್ಲಿ ಬಹಳ ಇವೆ. ಸಂಗ್ರಹಕಾರರ ನಡುವೆ ನಂಬಿಕೆ ಕೆಟ್ಟರೆ ಗುಂಪೇ ಉಳಿಯುವುದಿಲ್ಲ.

ಅಚ್ಚಿನ ಮೇಲೆ ಇಸ್ತ್ರಿ ಬೇಡವೇ ಬೇಡ. ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಸಾಕು.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಉತ್ತರಿಸಿ. ರಾಯಚೂರು, ಕೊಪ್ಪಳದವರು ಶನಿವಾರವೇ ಬರುವುದಾದರೆ ತಿಳಿಸಿ, ಉಳಿಯಲು ವ್ಯವಸ್ಥೆ ಮಾಡುತ್ತೇವೆ.