ಗಾಂಜಾ ಸುದ್ದಿ ಫಾರ್ವರ್ಡ್ ಮಾಡುವ ಮುಂಚೆ ಇದನ್ನು ಓದಿ

ನಮಸ್ಕಾರ ರೀ ಎಲ್ಲರಿಗೂ. ನಿನ್ನೆಯಿಂದ ಗುಂಪಿನಲ್ಲಿ ಗಾಂಜಾ ಹಿಡಿದ ಫೋಟೋ ಓಡಾಡುತ್ತಿದೆ. ಇಷ್ಟು ಕೆಜಿ ಸಿಕ್ಕಿದೆ ಅಂದ್ರೆ ಬೆಳಗಾವಿಯಲ್ಲಿ ಎಷ್ಟು ಜನ ಸಾಯ್ತಾರೋ ಅಂತ ಬೇರೆ ಬರೆದಿದ್ದೀರಿ. ಲೆಕ್ಕ ಹಾಗೆ ಬರುವುದಿಲ್ಲ ರೀ. ತೂಕಕ್ಕಿಂತ ಯಾವ ಮಾಲು ಅನ್ನುವುದು ಮುಖ್ಯ. ಗಾಂಜಾ ಒಂದರಿಂದಲೇ ಓವರ್‌ಡೋಸ್ ಆಗಿ ಸಾಯುವುದು ತೀರಾ ಅಪರೂಪ (ಹಾಗಂತ ಅದು ಒಳ್ಳೇದು ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಜಗಳ ಬೇಡ). ಫೆಂಟನಿಲ್ (ಲ್ಯಾಬ್‌ನಲ್ಲಿ ತಯಾರಿಸುವ, ಅಫೀಮು ಜಾತಿಯ ನೋವಿನ ಮದ್ದು) ಹಾಗಲ್ಲ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು, 2 ಮಿಲಿಗ್ರಾಂ ಕೂಡ ಉಸಿರು ನಿಲ್ಲಿಸಬಹುದು.

ಅಮೆರಿಕದಲ್ಲಿ 2021ರಲ್ಲಿ ಓವರ್‌ಡೋಸ್‌ನಿಂದ 1 ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಸಾವಿನ ಲೆಕ್ಕ ಪಕ್ಕಾ ಆಗಲು ತಿಂಗಳುಗಳೇ ಹಿಡಿಯುತ್ತವೆ, ಅದಕ್ಕೇ ಅಲ್ಲಿನ ಸಂಶೋಧಕರು ಪೊಲೀಸರು ಹಿಡಿದ ಮಾಲಿನ ಲ್ಯಾಬ್ ವರದಿ ತೆಗೆದುಕೊಂಡು, ನೂರು ಸ್ಯಾಂಪಲ್‌ನಲ್ಲಿ ಎಷ್ಟರಲ್ಲಿ ಫೆಂಟನಿಲ್ ಇತ್ತು ಅಂತ ನೋಡುತ್ತಾರೆ. ಆ ಪಾಲು ಏರಿದ ಕಡೆ ಸಾವೂ ಏರಿದ್ದು ಕಂಡಿದೆ. ಬರೀ ಕೆಜಿ ಎಣಿಸಿದರೆ ಪೊಲೀಸರು ಜಾಸ್ತಿ ದಾಳಿ ಮಾಡಿದ ತಿಂಗಳೂ ಅಂಕಿ ಏರುತ್ತದೆ, ಅಲ್ವಾ?

ಇನ್ನೊಂದು ತಮಾಷೆ ನೋಡಿ. ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಪೊಲೀಸರು ಅಫೀಮು ಜಾತಿಯ ಮಾಲು ಹಿಡಿದ ಜಾಗದ ಸುತ್ತಮುತ್ತ ಮುಂದಿನ ಮೂರು ವಾರಗಳಲ್ಲಿ ಓವರ್‌ಡೋಸ್ ಜಾಸ್ತಿಯಾಗಿದ್ದವು. ದಿನಾ ಕೊಡುವವನು ಸಿಗದಿದ್ದಾಗ ಗುರುತಿಲ್ಲದವನ ಹತ್ತಿರ ಕೊಳ್ಳುತ್ತಾರೆ, ಅದರ ಜೋರು ಎಷ್ಟು ಅಂತ ಗೊತ್ತಿರುವುದಿಲ್ಲ. ಬಹುಶಃ ಇದೇ ಕಾರಣ.

ಇನ್ನು ಮುಂದೆ ಇಂಥ ಸುದ್ದಿ ಹಾಕುವವರು ಯಾವ ಮಾಲು ಅಂತ ಬರೆಯಿರಿ. ಹುಡುಗರ ಮುಖ ಕಾಣುವ ಫೋಟೋ ಹಾಕಲೇಬೇಡಿ. ಯಾರಾದರೂ ಎಚ್ಚರ ತಪ್ಪಿ, ಉಸಿರು ನಿಧಾನವಾಗಿ, ತುಟಿ ನೀಲಿ ಆಗಿದ್ದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ಮೊದಲು 108ಕ್ಕೆ ಫೋನ್ ಹಚ್ಚಿ.