ಅರ್ಧಕ್ಕೆ ನಿಂತ ಸ್ವೆಟರ್‌ಗಳು

ಮಾನ್ಯ ಸಂಪಾದಕರೇ,

ಒಂದೇ ಸಲ ನಾಲ್ಕು ಹೆಣಿಗೆ ಹಿಡಿದರೆ ತಪ್ಪೇನಿಲ್ಲ. ಸ್ವೆಟರಿನ ತೋಳು ಬೇಸರ ತಂದಾಗ ಮಗುವಿನ ಟೊಪ್ಪಿ ಹೆಣೆಯುವುದು ಹಿತವೇ. ಎಡವಟ್ಟಾಗುವುದು ನಿಲ್ಲಿಸುವ ರೀತಿಯಲ್ಲಿ. ಕಾರವಾರ, ಕುಮಟಾದ ಉಪ್ಪುಗಾಳಿಗೆ ಉಕ್ಕಿನ ಕಡ್ಡಿ ತುಕ್ಕು ಹಿಡಿದು ಉಲ್ಲನ್‌ಗೆ ಕಲೆಯಾಗುತ್ತದೆ. ತಿಂಗಳುಗಟ್ಟಲೆ ಕಡ್ಡಿಯಲ್ಲೇ ಉಳಿದ ಕುಣಿಕೆಗಳು ಹಿಗ್ಗಿ ಅಡ್ಡಗೆರೆ ಮೂಡುತ್ತದೆ. ಹಾಗಾಗಿ ಸಾಲು ಮುಗಿಸಿ, ಕುಣಿಕೆಗಳನ್ನು ದಪ್ಪ ಹತ್ತಿ ದಾರಕ್ಕೆ ದಾಟಿಸಿಡಿ. ಚೀಟಿಯಲ್ಲಿ ಸಾಲಿನ ಲೆಕ್ಕ, ಕಡ್ಡಿಯ ನಂಬರ್ ಇರಲಿ: 10ರಲ್ಲಿ (3.25 ಮಿ.ಮೀ.) ಶುರುಮಾಡಿದ್ದನ್ನು 8ರಲ್ಲಿ (4 ಮಿ.ಮೀ.) ಮುಂದುವರಿಸಿದರೆ ಒಂದು ತೋಳು ದೊಗಲೆಯಾಗುತ್ತದೆ. ಉಂಡೆಯ ಲೇಬಲ್ ಎಸೆಯಬೇಡಿ. ಅದರಲ್ಲಿರುವ ಬಣ್ಣದ ಲಾಟ್ (ಒಂದೇ ಸಲ ಬಣ್ಣ ಹಾಕಿದ ಕಂತಿನ ಸಂಖ್ಯೆ) ಬದಲಾದರೆ ಬಿಸಿಲಲ್ಲಿ ಪಟ್ಟೆ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಂತೂ ಬೂಷ್ಟಿಗೆ ಆಹ್ವಾನ, ಹಳೆಯ ಹತ್ತಿ ದಿಂಬಿನ ಚೀಲವೇ ಸಾಕು.

– ಹೆಣಿಗೆಯ ಆಸಕ್ತರು, ಶಿರಸಿ